ಮೂಗು ಕೇಳುತ್ತದೆ, ಕೈ ಕೇಳುತ್ತದೆ

ಬನಶಂಕರಿ ಎರಡನೇ ಹಂತದಲ್ಲಿ ನಾನಿರುವ ಬಾಡಿಗೆ ಮನೆ ಮೊದಲ ಮಹಡಿಯಲ್ಲಿದೆ. ಅದರ ಮೇಲೆ ತಾರಸಿ, ತಾರಸಿಯ ಮೂಲೆಯಲ್ಲಿ ನೀರಿನ ಕಪ್ಪು ಟ್ಯಾಂಕು, ಟ್ಯಾಂಕಿನ ಹಿಂದೆ ಒಬ್ಬರು ನಿಲ್ಲುವಷ್ಟು ಜಾಗ. ಹಲವು ವರ್ಷ ನನ್ನ ಸಂಜೆಗಳು ಅಲ್ಲೇ ಕಳೆದವು. ಆಫೀಸಿನಿಂದ ಬಂದವಳು ಚಪ್ಪಲಿ ಬಿಟ್ಟು, ಕೈಕಾಲು ಕೂಡ ತೊಳೆಯದೆ ಮೇಲೆ ಹೋಗಿ ಸಿಗರೇಟು ಹಚ್ಚುತ್ತಿದ್ದೆ. ಪಕ್ಕದ ಮನೆಯವರ ಮಲ್ಲಿಗೆ ಬಳ್ಳಿ, ಎದುರಿನ ಅಪಾರ್ಟ್‌ಮೆಂಟಿನ ಹಿಂಭಾಗದ ಪೈಪುಗಳು, ಒಂದು ತುಂಡು ಆಕಾಶ. ಯಾರಿಗೂ ಕಾಣುತ್ತಿರಲಿಲ್ಲ, ನನಗೂ ಯಾರೂ ಕಾಣುತ್ತಿರಲಿಲ್ಲ.

ಜಯನಗರದ ಒಂದು ಸಣ್ಣ ಆರ್ಕಿಟೆಕ್ಟ್ ಆಫೀಸಿನಲ್ಲಿ ನಾನು ನಕ್ಷೆ ಬರೆಯುವವಳು. ಮೆಟ್ಟಿಲು, ಅಡುಗೆಮನೆ, ಬಚ್ಚಲು, ಕಾರು ನಿಲ್ಲಿಸುವ ಜಾಗ, ಇವೇ ನನ್ನ ದಿನಗಳು. ಸಿಗರೇಟು ಕಲಿತದ್ದೂ ಈ ಕೆಲಸದಲ್ಲೇ, ಕಟ್ಟುತ್ತಿರುವ ಮನೆಗಳ ಹತ್ತಿರ, ಇಂಜಿನಿಯರುಗಳ ಜೊತೆ ನಿಂತು ನಿಂತು. ಮದುವೆ ಬೇಡ ಎಂದು ತೀರ್ಮಾನಿಸಿದ್ದೇನೂ ಅಲ್ಲ. ಆಗಲಿಲ್ಲ ಅಷ್ಟೆ. ಅಮ್ಮ ಮತ್ತು ನಾನು ಇಬ್ಬರೇ ಇದ್ದೆವು. ನಾನು ತಾರಸಿಯಿಂದ ಇಳಿದು ಬರುವಷ್ಟರಲ್ಲಿ ಅಮ್ಮ ದೇವರ ಮುಂದೆ ಊದಿನಕಡ್ಡಿ ಹಚ್ಚಿರುತ್ತಿದ್ದಳು. ಸಂಜೆ ದೀಪ ಹಚ್ಚುವ ಹೊತ್ತು, ಅದಕ್ಕೆ ಎಂದು ನಾನು ಅಂದುಕೊಂಡಿದ್ದೆ. ಒಂದು ಭಾನುವಾರ ಮಧ್ಯಾಹ್ನ ಮೇಲೆ ಹೋಗಿ ಬಂದಾಗಲೂ ಊದಿನಕಡ್ಡಿ ಉರಿಯುತ್ತಿತ್ತು. ಅಮ್ಮ ಟೀವಿ ನೋಡುತ್ತಾ ಕೂತಿದ್ದಳು, ತಲೆ ಎತ್ತಲಿಲ್ಲ. ಆಮೇಲೂ ಆ ವಿಷಯ ಅವಳು ಎತ್ತಲೇ ಇಲ್ಲ. ನಾನೂ ಎತ್ತಲಿಲ್ಲ.

ಮೊದಲ ಸಲ ಬಿಟ್ಟದ್ದು ಅಮ್ಮ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದಾಗ. ಐಸಿಯು ಹೊರಗಿನ ಕುರ್ಚಿಯಲ್ಲಿ ಕೂತು, ಇವಳು ಮನೆಗೆ ಬಂದರೆ ಇನ್ನು ಮುಟ್ಟುವುದಿಲ್ಲ ಎಂದುಕೊಂಡೆ. ಅಮ್ಮ ಮನೆಗೆ ಬರಲಿಲ್ಲ. ಆದರೂ ಕಾರ್ಯಗಳು ಮುಗಿಯುವವರೆಗೆ ಮುಟ್ಟಲಿಲ್ಲ. ವೈಕುಂಠ ಸಮಾರಾಧನೆಯ ಊಟ ಮುಗಿದು, ನೆಂಟರೆಲ್ಲ ಹೊರಟು, ಕೊನೆಯ ಚಿಕ್ಕಮ್ಮ "ಹುಷಾರು ಕಣೆ, ಬಾಗಿಲು ಹಾಕ್ಕೋ" ಎಂದು ಆಟೋ ಹತ್ತಿದ ಮೇಲೆ ಮನೆ ಒಮ್ಮೆಗೇ ಖಾಲಿಯಾಯಿತು. ಬಾಗಿಲು ಹಾಕಿಕೊಳ್ಳಲಿಲ್ಲ. ಕೆಳಗಿಳಿದು ಅಂಗಡಿಗೆ ಹೋಗಿ ಬಂದು ತಾರಸಿ ಹತ್ತಿದೆ. ಇಳಿದು ಬಂದಾಗ ಊದಿನಕಡ್ಡಿಯ ವಾಸನೆ ಇರಲಿಲ್ಲ. ಅವತ್ತು ಅತ್ತದ್ದು ಅದಕ್ಕೇ.

ಎರಡನೇ ಸಲ ನಿಕೋಟಿನ್ ಗಮ್ ತಂದೆ. ಆಫೀಸಿನಲ್ಲಿ ದಿನವೆಲ್ಲ ಅಗಿಯುತ್ತಿದ್ದೆ, ಬಿಕ್ಕಳಿಕೆ ಬರುತ್ತಿತ್ತು. ಸ್ವಲ್ಪ ಕಾಲದಲ್ಲಿ ಗಮ್ಮೂ ಬೇಕು, ಸಿಗರೇಟೂ ಬೇಕು ಎಂಬ ಸ್ಥಿತಿಗೆ ಬಂದೆ. ಇನ್ನೊಂದು ಸಲ ಬನಶಂಕರಿ ಅಮ್ಮನಿಗೆ ಹರಕೆ ಹೊತ್ತು, ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿದೆ. ದೇವಸ್ಥಾನದ ಸಾಲಿನಲ್ಲಿ ನಿಂತ ಹೆಂಗಸರೆಲ್ಲ ಮಗಳ ಮದುವೆ, ಗಂಡನ ಕೆಲಸ ಎಂದು ಬೇಡುತ್ತಿದ್ದರು. ನಾನು ಏನು ಬೇಡುತ್ತಿದ್ದೇನೆ ಎಂದು ಪಕ್ಕದವರು ಕೇಳಿದರೆ ಏನು ಹೇಳಲಿ ಎಂದು ಯೋಚಿಸುತ್ತಾ ದೀಪ ಹಚ್ಚುತ್ತಿದ್ದೆ. ಆ ಹರಕೆ ಮುರಿದದ್ದು ಜೆಪಿ ನಗರದ ಒಂದು ಸೈಟಿನಲ್ಲಿ. ಮನೆಯ ಮೇಲ್ಛಾವಣಿಗೆ ಕಾಂಕ್ರೀಟ್ ಮೋಲ್ಡ್ ಹಾಕಿ ಮುಗಿಸಿದ ಖುಷಿಯಲ್ಲಿ ಕಂಟ್ರಾಕ್ಟರು ಎಲ್ಲರಿಗೂ ಸಿಗರೇಟು ಪ್ಯಾಕೆಟ್ ಹಿಡಿದರು. ನನ್ನ ಮುಂದೆಯೂ ಹಿಡಿದು, "ತಗೊಳ್ಳಿ ಮೇಡಂ, ಇವತ್ತು ನಿಮ್ದೂ ಕೆಲ್ಸ ಆಯ್ತಲ್ಲ" ಎಂದರು. ಆ ಗುಂಪಿನಲ್ಲಿ ನನ್ನನ್ನು ಬಿಟ್ಟು ಹೋಗದೆ ಕೈ ಚಾಚಿದ್ದಾರೆ ಎನ್ನಿಸಿತು. ತೆಗೆದುಕೊಂಡೆ.

ಪ್ರತಿ ಸಲವೂ ಯಾರಿಗೂ ಹೇಳದೆ ಬಿಟ್ಟೆ, ಯಾರಿಗೂ ಹೇಳದೆ ಮತ್ತೆ ಹಿಡಿದೆ. ಸೈಟಿನವರನ್ನು ಬಿಟ್ಟರೆ ನಾನು ಸೇದುತ್ತೇನೆಂದೇ ಯಾರಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲದವರಿಗೆ ಬಿಟ್ಟೆ ಎಂದು ಹೇಗೆ ಹೇಳುವುದು? ನಮ್ಮ ಬೀದಿ ತುದಿಯ ಪೆಟ್ಟಿಗೆ ಅಂಗಡಿಯವನೊಬ್ಬನಿಗೆ ಮಾತ್ರ ಎಲ್ಲ ಗೊತ್ತಿತ್ತು. ಕೆಲವು ವಾರ ಕಾಣದೆ ಮತ್ತೆ ಹೋದಾಗ ಏನೂ ಕೇಳದೆ, ಸಿಗರೇಟನ್ನು ಪೇಪರಿನಲ್ಲಿ ಸುತ್ತಿ, ಬಾಳೆಹಣ್ಣಿನ ಜೊತೆ ಇಟ್ಟು ಕೊಡುತ್ತಿದ್ದ.

ಕೊನೆಗೆ ದಾರಿ ತೋರಿಸಿದವರು ಹಲ್ಲಿನ ಡಾಕ್ಟರು. ನನ್ನ ಹಲ್ಲು ಕ್ಲೀನ್ ಮಾಡಿ, ಮಾಸ್ಕ್ ಇಳಿಸಿ, "ಸಿಗರೇಟಿನ ಕಲೆ ತೆಗೆದಿದ್ದೀನಿ. ಆದ್ರೆ ಆರು ತಿಂಗಳಿಗೆ ಮತ್ತೆ ಬರ್ತೀರ" ಎಂದರು. ಜಯನಗರ ಒಂದನೇ ಬ್ಲಾಕಿನ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಶನಿವಾರ ಬೆಳಿಗ್ಗೆ ತಂಬಾಕು ಬಿಡುವವರು ಸೇರುತ್ತಾರೆಂದು ಹೇಳಿ, "ಔಷಧಿಗಿಂತ ಜನ ಜಾಸ್ತಿ ಕೆಲ್ಸ ಮಾಡ್ತಾರೆ, ಹೋಗಿ ನೋಡಿ" ಎಂದರು.

ಹೋದ ಮೊದಲ ಶನಿವಾರ ಬಾಗಿಲಲ್ಲೇ ಹಿಂದಿರುಗಬೇಕೆನಿಸಿತು. ಕಣ್ಣು ಪರೀಕ್ಷೆಯ ಅಕ್ಷರಗಳ ಹಲಗೆ ತೂಗುಹಾಕಿದ್ದ ಕೋಣೆ, ಸುತ್ತ ಪ್ಲಾಸ್ಟಿಕ್ ಕುರ್ಚಿಗಳು, ಕೂತವರೆಲ್ಲ ಗಂಡಸರು. ನನ್ನನ್ನು ನೋಡಿ ಕ್ಯಾಬ್ ಓಡಿಸುವ ಒಬ್ಬ ಎದ್ದು ನಿಂತು, "ಮೇಡಂ, ಇಲ್ಲಿ ಕೂತ್ಕೊಳ್ಳಿ, ಕೌನ್ಸೆಲರ್ ಮೇಡಂ ನೀವೇನಾ?" ಎಂದ. ಅಲ್ಲ ಎಂದೆ. ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಎಲ್ಲರೂ ತಮ್ಮ ತಮ್ಮ ಫೋನು ನೋಡತೊಡಗಿದರು.

ಆಗ ಒಬ್ಬ ವಯಸ್ಸಾದ ಹೆಂಗಸು ಒಳಗೆ ಬಂದರು. ಎಪ್ಪತ್ತರ ಹತ್ತಿರ ಇರಬೇಕು. ಕೈಮಗ್ಗದ ಸೀರೆ, ಸೆರಗು ಹೊದ್ದು, ತೋಳಲ್ಲಿ ಬಟ್ಟೆಯ ಚೀಲ. ದೇವಸ್ಥಾನದಿಂದ ದಾರಿತಪ್ಪಿ ಬಂದವರ ಹಾಗಿದ್ದರು. ಸೀದಾ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಮೆಲ್ಲಗೆ ಕೇಳಿದರು.

"ನಿಂದು ಯಾವ್ದಮ್ಮ?"

"ಸಿಗರೇಟು," ಎಂದೆ. ಅದನ್ನು ಒಬ್ಬ ಹೆಂಗಸಿನ ಮುಂದೆ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

ಅವರು ಮುಖ ಸಿಂಡರಿಸಲಿಲ್ಲ. ಚೀಲದೊಳಗಿಂದ ಕಂದು ಕಲೆಯ ಕರ್ಚೀಫಿನ ತುದಿಯನ್ನು ತೋರಿಸಿ ಮತ್ತೆ ಒಳಗೆ ಹಾಕಿಕೊಂಡರು.

"ನಂದು ನಶ್ಯ. ಮೊದಲನೇ ಬಾಣಂತನದಲ್ಲಿ ತಲೆನೋವು ಅಂತ ನಮ್ಮತ್ತೆ ಒಂದು ಚಿಟಿಕೆ ಕೊಟ್ರು. ಅವರು ಹೋಗಿ ಎಷ್ಟೋ ಕಾಲ ಆಯ್ತು. ಚಿಟಿಕೆ ಹೋಗ್ಲಿಲ್ಲ."

ಶ್ರೀನಗರದಲ್ಲಿ ಅವರ ಸ್ವಂತ ಮನೆ. ಗಂಡ ತೀರಿಕೊಂಡಿದ್ದರು. ಮಗ, ಸೊಸೆ, ಮೊಮ್ಮಗಳು ಜೊತೆಗಿದ್ದರು. ಮೂಗಿನಲ್ಲಿ ರಕ್ತ ಬಂದು ಡಾಕ್ಟರಿಗೆ ತೋರಿಸಿದಾಗ ನಶ್ಯ ನಿಲ್ಲಿಸಲೇಬೇಕು ಎಂದಿದ್ದರಂತೆ. ಮನೆಯಲ್ಲಿ ಯಾರಿಗೂ ಅವರ ನಶ್ಯದ ಸುದ್ದಿ ಗೊತ್ತಿಲ್ಲ, ಕರ್ಚೀಫುಗಳನ್ನು ಸ್ನಾನಕ್ಕೆ ಹೋದಾಗ ತಾವೇ ಒಗೆದುಕೊಳ್ಳುತ್ತಾರೆ ಎಂದರು. ಹಾಗಾದರೆ ಇಲ್ಲಿಗೆ ಏನು ಹೇಳಿ ಬಂದಿರಿ ಎಂದು ಕೇಳಿದೆ.

"ದೇವರನಾಮದ ಕ್ಲಾಸು ಅಂತ."

ನಾನು ಅವರನ್ನು ಆಂಟಿ ಎಂದಾಗ ಅವರಿಗೆ ಇಷ್ಟವಾಗಲಿಲ್ಲ. "ತರಕಾರಿಯವನೂ ಆಂಟಿ ಅಂತಾನೆ. ನೀನು ಅಕ್ಕ ಅನ್ನು. ನನಗೆ ತಂಗೀರು ಯಾರೂ ಇಲ್ಲ." ಹಾಗೆ ನನಗಿಂತ ಇಪ್ಪತ್ತು ವರ್ಷಕ್ಕೂ ಹೆಚ್ಚು ದೊಡ್ಡವರು ನನಗೆ ಅಕ್ಕ ಆದರು.

ಕೌನ್ಸೆಲರ್ ಚಿಕ್ಕ ವಯಸ್ಸಿನ ಹುಡುಗಿ, ಮಾತು ಕಡಿಮೆ. ಇಬ್ಬಿಬ್ಬರನ್ನು ಜೊತೆ ಮಾಡಿದಳು. ಅಕ್ಕನಿಗೆ ನಾನು, ನನಗೆ ಅಕ್ಕ. "ಆಸೆ ತಡ್ಕೊಳ್ಳೋಕಾಗ್ದೆ ಇದ್ದಾಗ ಒಬ್ರಿಗೊಬ್ರು ಫೋನ್ ಮಾಡಿ. ಬುದ್ಧಿ ಹೇಳೋದು ಬೇಡ, ಬೈಯೋದು ಬೇಡ. ಏನಾದ್ರೂ ಮಾತಾಡ್ತಾ ಇರಿ, ಅದು ಹೋಗುತ್ತೆ" ಎಂದಳು. ಇಷ್ಟಕ್ಕೆ ಇಷ್ಟು ವರ್ಷದ ಚಟ ಹೋಗುತ್ತದೆಯೇ ಎಂದುಕೊಂಡೇ ಮನೆಗೆ ಹೋದೆ.

ಮೊದಲ ಫೋನು ಅವರದೇ ಬಂತು. ಮಧ್ಯಾಹ್ನ ಊಟದ ಹೊತ್ತು ಕಳೆದಿತ್ತು. ನಾನು ಆಫೀಸಿನಲ್ಲಿದ್ದೆ.

"ಮೂಗು ಕೇಳ್ತಾ ಇದೆ ಕಣೆ," ಎಂದರು. ಕಂಪ್ಯೂಟರಿನಲ್ಲಿ ಒಂದು ಮೆಟ್ಟಿಲು ಬರೆಯುತ್ತಿದ್ದೆ, ಅದನ್ನೇ ಹೇಳತೊಡಗಿದೆ. ಇಟ್ಟಮಡುವಿನಲ್ಲಿ ಚಿಕ್ಕ ಸೈಟು, ಮೂರು ಮಹಡಿ ಬೇಕಂತೆ, ಮೆಟ್ಟಿಲಿಗೆ ಜಾಗವೇ ಇಲ್ಲ, ತಿರುವಿನಲ್ಲಿ ಅಗಲ ಕಡಿಮೆ ಮಾಡಿದರೆ ಬೀರು ಮೇಲೆ ಹೋಗುವುದಿಲ್ಲ. ಅಕ್ಕ ಗಮನವಿಟ್ಟು ಕೇಳಿದರು. "ಬೀರು ಬಿಡು, ನಾಳೆ ಯಾರಾದ್ರೂ ಸತ್ರೆ ಕೆಳಗೆ ಹೆಂಗೆ ಇಳಿಸ್ತಾರೆ?" ಎಂದರು. ಆ ಪ್ರಶ್ನೆಯನ್ನು ನಮ್ಮ ಆಫೀಸಿನಲ್ಲಿ ಯಾರೂ ಕೇಳಿರಲಿಲ್ಲ. ಇಬ್ಬರೂ ನಕ್ಕೆವು. ನಗುತ್ತಾ ಅವರ ಮೂಗು ಕೇಳುವುದನ್ನು ಮರೆತಿತ್ತು.

ನನ್ನ ಕಷ್ಟದ ಹೊತ್ತು ಸಂಜೆ. ತಾರಸಿಗೆ ಹೋಗದೆ ಅಡುಗೆಮನೆಯಲ್ಲಿ ನಿಂತು ಫೋನು ಮಾಡಿ, "ಅಕ್ಕ, ಕೈ ಕೇಳ್ತಾ ಇದೆ" ಎನ್ನುತ್ತಿದ್ದೆ. ನಿಜಕ್ಕೂ ಕೈಯೇ ಕೇಳುತ್ತಿತ್ತು. ಎರಡು ಬೆರಳ ನಡುವೆ ಏನೂ ಇಲ್ಲದೆ ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಅಕ್ಕ ಅವತ್ತಿನ ಅಡುಗೆ ಹೇಳುತ್ತಿದ್ದರು. ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಎಷ್ಟು, ಸೊಸೆ ಎಷ್ಟು ಹಾಕುತ್ತಾಳೆ, ಮೊಮ್ಮಗಳು ತಟ್ಟೆಯಲ್ಲಿ ಏನೇನು ಬಿಡುತ್ತಾಳೆ. ಹುಣಸೆಹಣ್ಣು ನೆನೆಹಾಕು ಎನ್ನುವರು, ನಾನು ನೆನೆಹಾಕುತ್ತಿದ್ದೆ. ಕಿವುಚು ಎನ್ನುವರು, ಕಿವುಚುತ್ತಿದ್ದೆ. ಅಮ್ಮ ಹೋದ ಮೇಲೆ ಮೊಸರನ್ನ ಉಪ್ಪಿನಕಾಯಿಯಲ್ಲಿ ಕಾಲ ತಳ್ಳಿದ್ದ ನಾನು ಮತ್ತೆ ಹುಳಿ, ಗೊಜ್ಜು ಮಾಡತೊಡಗಿದೆ. ಮಾಡಿದ್ದನ್ನು ತಿನ್ನಲು ಒಬ್ಬಳೇ ಎನ್ನುವುದು ಬೇರೆ ಮಾತು.

ದಿನ ಕಳೆದಂತೆ ಅಕ್ಕನಿಗೆ ವಾಸನೆಗಳು ಹಿಂದಿರುಗಿದವು. ಅದೊಂದು ದೊಡ್ಡ ಗಲಾಟೆಯೇ ಆಯಿತು. "ಇಂಗು ಇಷ್ಟು ಘಾಟು ಅಂತ ನನಗೆ ಗೊತ್ತೇ ಇರ್ಲಿಲ್ಲ. ಇಷ್ಟು ವರ್ಷ ಎಲ್ಲರಿಗೂ ಎಷ್ಟು ಹಾಕಿ ಬಡಿಸಿದ್ದೀನೋ, ಪಾಪ" ಎಂದರು. ಚರಂಡಿಯ ವಾಸನೆ, ಗ್ಯಾಸಿನ ವಾಸನೆ, ಮಗನ ಸಾಕ್ಸಿನ ವಾಸನೆ. ಒಂದು ಸಂಜೆ ಮಾತ್ರ ದನಿ ಇಳಿಸಿ ಹೇಳಿದರು. ಬೀರುವಿನಲ್ಲಿ ಗಂಡನ ಶಾಲು ಇತ್ತಂತೆ, ಮೂಸಿ ನೋಡಿದರಂತೆ. "ಬರೀ ನುಸಿಗುಳಿಗೆ ವಾಸನೆ ಕಣೆ. ಅವರು ಇದ್ದಾಗ ನನಗೆ ಮೂಗಿರ್ಲಿಲ್ಲ, ಮೂಗು ಬಂದಾಗ ಅವರಿಲ್ಲ."

ಶನಿವಾರದ ಕೂಟ ಮುಗಿಸಿ ನಾವಿಬ್ಬರೂ ಸಿದ್ದಾಪುರದ ಕಡೆಯ ಗೇಟಿನಿಂದ ಲಾಲ್‌ಬಾಗಿನೊಳಗೆ ಹೋಗಿ ಕೂರುತ್ತಿದ್ದೆವು. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಾಗ ಅಕ್ಕನಿಗೆ ಪೇಚಿಗಿಟ್ಟುಕೊಂಡಿತು. ಅರಿಶಿನ ಕುಂಕುಮಕ್ಕೆ ಬರುವ ಹೆಂಗಸರ ಮುಂದೆ ಅತ್ತೆ ಕ್ಲಾಸಿನಲ್ಲಿ ಕಲಿತ ಹಾಡು ಹೇಳಬೇಕೆಂದು ಸೊಸೆ ಎಲ್ಲರಿಗೂ ಸಾರಿಬಿಟ್ಟಿದ್ದಳು.

"ಒಂದಾದ್ರೂ ಹೇಳಿಕೊಡೆ. ಕ್ಲಾಸಿಗೆ ಹೋಗಿ ಇಷ್ಟು ತಿಂಗಳಾಯ್ತು, ಏನೂ ಬರಲ್ಲ ಅಂದ್ರೆ ಏನಂದ್ಕೋತಾರೆ?"

ನನಗೆ ಬರುತ್ತಿದ್ದದ್ದು ಅಮ್ಮ ಮಂಗಳವಾರ, ಶುಕ್ರವಾರ ಹೇಳುತ್ತಿದ್ದ ಒಂದು ಆರತಿ ಹಾಡು ಮಾತ್ರ. ಅದೂ ಪೂರ್ತಿ ನೆನಪಿರಲಿಲ್ಲ. ನೆನಪಿದ್ದಷ್ಟನ್ನು ಬೆಂಚಿನ ಮೇಲೆ ಕೂತು ಹೇಳಿಕೊಟ್ಟೆ. ಹೊಗೆಯಿಂದ ಒಡೆದ ನನ್ನ ಗಂಟಲು, ನಶ್ಯದ ವರ್ಷಗಳಿಂದ ಮೂಗಿನಲ್ಲೇ ಉಳಿದುಹೋದ ಅವರ ದನಿ. ವಾಕಿಂಗ್ ಬಂದವರು ತಿರುಗಿ ನೋಡಿ ಹೋಗುತ್ತಿದ್ದರು. ಮರೆತ ಸಾಲಿಗೆ ಅಕ್ಕ ತಾವೇ ಒಂದು ಸಾಲು ಸೇರಿಸಿದರು, ಅದರಲ್ಲಿ ದೇವಿಗೆ ಮೂಗುತಿ ಬಂತು. ಅಮ್ಮನ ದನಿಯಲ್ಲಿ ಮಾತ್ರ ಕೇಳಿದ್ದ ಹಾಡು ನನ್ನ ಬಾಯಿಂದ ಹೊರಟದ್ದು ಅವತ್ತೇ. ಆಮೇಲೆ ಬಸ್ಸಿನಲ್ಲಿ ಕೂತಾಗಲೂ ಗಂಟಲಲ್ಲಿ ಅದೇ ಇತ್ತು.

ಹಬ್ಬದ ದಿನ ಅಕ್ಕ ಹಾಡಿದರಂತೆ, ಹೆಂಗಸರು ಮೆಚ್ಚಿಕೊಂಡರಂತೆ. ಫೋನಿನಲ್ಲಿ ಅವರ ದನಿ ಚಿಕ್ಕ ಹುಡುಗಿಯ ಹಾಗಿತ್ತು. "ಟೀಚರ್ ಯಾರು ಅಂತ ಕೇಳಿದ್ರು. ನಿನ್ನ ಹೆಸರೇ ಹೇಳಿದ್ದೀನಿ" ಎಂದರು.

ಅದಾದ ಸ್ವಲ್ಪ ದಿನಕ್ಕೆ ಫೋನು ಬರುವುದು ನಿಂತಿತು. ಶನಿವಾರ ಅವರ ಕುರ್ಚಿ ಖಾಲಿ. ಹುಷಾರಿಲ್ಲವೇನೋ ಎಂದುಕೊಂಡೆ. ಮುಂದಿನ ಶನಿವಾರವೂ ಬರಲಿಲ್ಲ. ನಾನು ಮಾಡಿದ ಫೋನು ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಕ್ಯಾಬ್ ಓಡಿಸುವವನು, "ಮೇಡಂ, ಇಲ್ಲಿ ಯಾರಾದ್ರೂ ಹಿಂಗೆ ಕಾಣೆಯಾದ್ರೆ ಮತ್ತೆ ಶುರು ಮಾಡಿದ್ದಾರೆ ಅಂತಾನೇ ಅರ್ಥ. ನಾನೂ ಮುಂಚೆ ಹಂಗೇ ಓಡಿಹೋಗಿದ್ದೆ" ಎಂದ.

ಸಂಜೆಗಳು ಮತ್ತೆ ಮೊದಲಿನಂತಾದವು. ಅಡುಗೆಮನೆಯಲ್ಲಿ ಹುಣಸೆಹಣ್ಣು ನೆನೆಹಾಕಿ ನಿಂತರೆ ಹೇಳಲು ಯಾರೂ ಇರುತ್ತಿರಲಿಲ್ಲ. ಸಿಗರೇಟು ಇದ್ದಾಗ ನಾನು ಒಬ್ಬಳೇ ಎಂದು ಇಷ್ಟು ತಿಳಿಯುತ್ತಿರಲಿಲ್ಲ. ಅದು ಹಚ್ಚಿದರೆ ಉರಿಯುತ್ತಿತ್ತು, ಎಳೆದರೆ ಬೂದಿ ಉದ್ದವಾಗುತ್ತಿತ್ತು, ನನಗೆ ಉತ್ತರ ಕೊಡುವ ಒಂದು ವಸ್ತುವಾದರೂ ಅಲ್ಲಿ ಇರುತ್ತಿತ್ತು. ಈಗ ಕೆಳಗಿನ ಮನೆಯವರ ಕುಕ್ಕರಿನ ಸೀಟಿ, ಬೀದಿಯಲ್ಲಿ ಸೊಪ್ಪಿನ ಗಾಡಿಯವನ ಕೂಗು, ಎಲ್ಲ ಬೇರೆಯವರ ಮನೆಗೆ ಸೇರಿದ ಸದ್ದುಗಳು.

ಒಂದು ಸಂಜೆ ಆಫೀಸಿನಿಂದ ಬರುತ್ತಾ ಬೀದಿ ತುದಿಯಲ್ಲಿ ನಿಂತುಬಿಟ್ಟೆ. ಅಂಗಡಿಯವನು ಎಂದಿನಂತೆ ಏನೂ ಕೇಳದೆ ಪೇಪರಿನಲ್ಲಿ ಸುತ್ತಿ ಕೊಟ್ಟ. ಅದನ್ನು ಬ್ಯಾಗಿಗೆ ಹಾಕಿ ಮನೆಯ ಗೇಟಿನವರೆಗೆ ಬಂದೆ. ಅಲ್ಲೇ ನಿಂತು ಅಕ್ಕನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮೇಲೆ ತಾರಸಿಯ ಬಾಗಿಲ ಚಿಲಕ ಯಾರೋ ತೆಗೆದಿದ್ದರು, ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಗೇಟು ತೆಗೆದರೆ ಮೇಲೇ ಹೋಗುತ್ತೇನೆ ಎಂದು ನನಗೆ ಖಚಿತವಾಗಿ ಗೊತ್ತಿತ್ತು. ಆ ಹೊತ್ತಿಗೆ ಬೀದಿಯಲ್ಲಿ ಖಾಲಿ ಆಟೋ ಬಂತು. ಕೈ ಅಡ್ಡ ಹಿಡಿದು, "ಶ್ರೀನಗರ ಬರ್ತೀರಾ?" ಎಂದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಎದುರಿಗೆ ಗಣಪತಿ ಗುಡಿ, ಕಾಂಪೌಂಡಿನಲ್ಲಿ ಕರಿಬೇವಿನ ಮರ ಎಂದು ಅಕ್ಕ ಎಷ್ಟೋ ಸಲ ಹೇಳಿದ್ದರು. ಬಾಗಿಲು ತೆಗೆದದ್ದು ಸೊಸೆ. ನಲವತ್ತರೊಳಗಿನ ಹೆಂಗಸು, ಆಫೀಸಿನಿಂದ ಆಗಷ್ಟೇ ಬಂದಿರಬೇಕು, ಕುತ್ತಿಗೆಯಲ್ಲಿ ಐಡಿ ಕಾರ್ಡಿನ ದಾರ ಇನ್ನೂ ಇತ್ತು. ನಾನು ಹೆಸರು ಹೇಳಿದೆ.

"ಓ, ಹಾಡಿನ ಟೀಚರ್ ಅಲ್ವಾ? ಬನ್ನಿ ಒಳಗೆ. ಅತ್ತೆ ರೂಮಲ್ಲಿದ್ದಾರೆ. ಮೊದ್ಲು ಕಾಫಿ ಮಾಡ್ತೀನಿ, ಹೀಗೆ ಬನ್ನಿ" ಎಂದು ನನ್ನನ್ನು ಸೀದಾ ಅಡುಗೆಮನೆಗೆ ಕರೆದುಕೊಂಡು ಹೋದಳು. ಹಾಲು ಒಲೆಯ ಮೇಲಿಟ್ಟು, ದನಿ ತಗ್ಗಿಸಿ, ನನ್ನ ಕಡೆ ನೋಡದೆ ಹೇಳಿದಳು. "ಮೇಡಂ, ಅದು ಯಾವ ಕ್ಲಾಸು ಅಂತ ನನಗೆ ಗೊತ್ತು."

ನಾನು ಬ್ಯಾಗನ್ನು ಬಗಲಿಗೆ ಒತ್ತಿ ಹಿಡಿದುಕೊಂಡೆ.

"ಅತ್ತೆ ಚೀಲದಲ್ಲಿ ಆಸ್ಪತ್ರೆ ಚೀಟಿ ನೋಡ್ದೆ. ಖುಷಿಯಾಯ್ತು. ಹೇಳಿದ್ರೆ ಅವರಿಗೆ ಅವಮಾನ ಆಗುತ್ತೆ ಅಂತ ಸುಮ್ನಿದ್ದೆ. ಹಬ್ಬದಲ್ಲಿ ಹಾಡು ಹೇಳ್ಸಿದ್ದೂ ಅದಕ್ಕೇ, ಎಲ್ಲರ ಮುಂದೆ ಒಂದು ಚಪ್ಪಾಳೆ ಸಿಗ್ಲಿ ಅಂತ. ಆಮೇಲೆ ಮಾವನ ತಿಥಿ ಬಂತು. ಊಟ ಆದ್ಮೇಲೆ ಪುರೋಹಿತರು ನಶ್ಯದ ಡಬ್ಬಿ ಕಿಟಕೀಲಿ ಮರೆತು ಹೋದ್ರು. ಸಂಜೆ ನೋಡಿದ್ರೆ ಡಬ್ಬಿ ಅಲ್ಲಿರ್ಲಿಲ್ಲ. ನೀವು ಅವರಿಗೆ ಒಂದು ಮಾತು ಹೇಳಿ. ನನಗೆ ಗೊತ್ತು ಅಂತ ಮಾತ್ರ ಹೇಳ್ಬೇಡಿ."

ಹಾಲು ಉಕ್ಕಿತು, ಅವಳು ಒಲೆ ಆರಿಸಿದಳು. ನಾನು ಅಲ್ಲಿಗೆ ಬುದ್ಧಿ ಹೇಳಲು ಬಂದವಳಲ್ಲ. ಆದರೂ ಬಾಯಿಗೆ ಬಂದದ್ದನ್ನು ಹೇಳಿದೆ.

"ನಾನು ಸಿಗರೇಟು ಸೇದ್ತಿದ್ದೆ. ನಮ್ಮಮ್ಮನಿಗೆ ಗೊತ್ತಿತ್ತು. ನನಗೆ ಅವಮಾನ ಆಗ್ಬಾರ್ದು ಅಂತ ಅವಳೂ ಸಾಯೋವರೆಗೂ ಹೇಳ್ಲಿಲ್ಲ. ಹೇಳಿದ್ದಿದ್ರೆ ಒಂದಿನ ಜಗಳ ಆಗ್ತಿತ್ತು. ಒಬ್ಬಳೇ ಬಚ್ಚಿಟ್ಕೊಂಡು ನಿಲ್ಲೋದು ತಪ್ತಿತ್ತೇನೋ."

ಅವಳು ಡಿಕಾಕ್ಷನ್ ಬಗ್ಗಿಸುತ್ತಾ ನಿಂತಳು. ನಾನು ಅಕ್ಕನ ಕೋಣೆಗೆ ಹೋದೆ.

ಅಕ್ಕ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ನನ್ನ ದನಿ ಕೇಳಿ ಎದ್ದು ಕೂತರು, ಕೂದಲು ಸರಿ ಮಾಡಿಕೊಂಡರು, ಆದರೆ ಕಣ್ಣು ಕೂಡಿಸಲಿಲ್ಲ. ದಿಂಬಿನ ಪಕ್ಕ ಕಂದು ಕಲೆಯ ಕರ್ಚೀಫಿತ್ತು.

"ಫೋನು ಯಾಕೆ ತೆಗೀಲಿಲ್ಲ ಅಕ್ಕ?"

"ತೆಗೆದಿದ್ರೆ ಹೇಳ್ಬೇಕಾಗ್ತಿತ್ತು. ನಾನು ಬಿದ್ದೆ ಅಂತ ಗೊತ್ತಾದ್ರೆ ನೀನೂ ಬೀಳ್ತೀಯ ಅನ್ಕೊಂಡೆ." ನನ್ನ ಕಡೆ ಬಾಗಿ ಮೂಸಿದರು. "ಈಗ ಮತ್ತೆ ಏನೂ ಗೊತ್ತಾಗ್ತಿಲ್ಲ. ನೀನೇ ಹೇಳು. ಸೇದಿಲ್ಲ ತಾನೆ?"

"ಸೇದಿಲ್ಲ. ಬ್ಯಾಗಲ್ಲಿದೆ."

"ಎಲ್ಲಿ, ಕೊಡು."

ಪೇಪರು ಬಿಚ್ಚಿ ಸಿಗರೇಟನ್ನು ಅಂಗೈಯಲ್ಲಿ ಇಟ್ಟುಕೊಂಡರು. ಜೀವನದಲ್ಲಿ ಅದನ್ನು ಮುಟ್ಟಿದ್ದು ಅದೇ ಮೊದಲಂತೆ. ಹಿಂದೆ ಮುಂದೆ ತಿರುಗಿಸಿ ನೋಡಿ, ಉಗುರಿನಿಂದ ಕಾಗದ ಸೀಳಿದರು. ಎಳೆಎಳೆಯಾದ ತಂಬಾಕು ಹಾಸಿಗೆಯ ಮೇಲೆ ಉದುರಿತು. ದಿಂಬಿನ ಕೆಳಗಿಂದ ಪುರೋಹಿತರ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಅದರ ಪಕ್ಕ ಇಟ್ಟರು. "ಎರಡೂ ಅದೇ ಸೊಪ್ಪೇ ತಾನೆ," ಎಂದರು. "ನಾನು ಪುಡಿ ಮಾಡ್ಕೊಂಡೆ, ನೀನು ಸುಟ್ಕೊಂಡೆ."

ಆಗ ಸೊಸೆ ಕಾಫಿ ತಟ್ಟೆ ಹಿಡಿದು ಒಳಗೆ ಬಂದಳು. ಅಕ್ಕ ಸೆರಗಿನಿಂದ ಎಲ್ಲವನ್ನೂ ಮುಚ್ಚಲು ಹೋದರು, ಆಗಲಿಲ್ಲ. ಸೊಸೆ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಹಾಸಿಗೆಯ ತುದಿಯಲ್ಲಿ ಕೂತಳು.

"ಅತ್ತೆ, ಈ ಡಬ್ಬಿ ನಾನು ಎಸೀಲಾ, ನೀವೇ ಎಸೀತೀರಾ?"

ಅಕ್ಕನ ಮುಖ ಕೆಂಪಗಾಗಿ, ಆಮೇಲೆ ಬಿಳಿಚಿಕೊಂಡಿತು.

"ನಿನಗೆ ಯಾವಾಗಿಂದ ಗೊತ್ತು?"

"ಮದುವೆಯಾಗಿ ಬಂದ ವಾರದಿಂದ."

"ಅವನಿಗೆ?"

"ಅವರೇ ನನಗೆ ಹೇಳಿದ್ದು. ಅಮ್ಮ ಬಚ್ಚಲಲ್ಲಿ ಜಾಸ್ತಿ ಹೊತ್ತಿದ್ರೆ ಬಾಗಿಲು ಬಡೀಬೇಡ, ಕರ್ಚೀಫ್ ಒಗೀತಿರ್ತಾರೆ ಅಂತ."

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ, ನಗುವೂ ಬೆರೆತಿತ್ತು. "ಹಂಗಾದ್ರೆ ನಾನು ಇಷ್ಟು ವರ್ಷ ಯಾರಿಂದ ಮುಚ್ಚಿಟ್ಟೆ?" ಎಂದರು. ಸೊಸೆ ಒಂದು ಹಳೆಯ ಪೇಪರಿನಲ್ಲಿ ತಂಬಾಕನ್ನೂ ಡಬ್ಬಿಯನ್ನೂ ಸುತ್ತಿದಳು. ಅತ್ತೆ ಸೊಸೆ ಇಬ್ಬರೂ ಎದ್ದು ಹೊರಗಿನ ಕಸದ ಬುಟ್ಟಿಯವರೆಗೆ ಒಟ್ಟಿಗೆ ಹೋದರು. ಗೇಟಿನ ಹತ್ತಿರ ಅವರು ಏನೋ ಮಾತಾಡುತ್ತಾ ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ನಾನು ಒಳಗೆ ಕೂತು ಕಾಫಿ ಕುಡಿದೆ. ಬಿಸಿಯಾಗಿ ಚೆನ್ನಾಗಿತ್ತು. ಆ ಮನೆಯಲ್ಲಿ ಅವರು ಒಳಗೆ ಬರುವವರೆಗೆ ಏನು ಮಾಡಬೇಕೋ ತಿಳಿಯಲಿಲ್ಲ. ಗೋಡೆಯ ಮೇಲೆ ಅಕ್ಕನ ಗಂಡನ ಫೋಟೋ ಇತ್ತು, ಅದನ್ನು ನೋಡುತ್ತಿದ್ದೆ.

ಮುಂದಿನ ಶನಿವಾರ ಅಕ್ಕ ಬಂದರು. ಸೊಸೆಯೇ ಸ್ಕೂಟರಿನಲ್ಲಿ ಕರೆತಂದು ಹೊರಗೆ ಬೆಂಚಿನ ಮೇಲೆ ಕಾಯುತ್ತಾ ಕೂತಳು. ಅಕ್ಕ ಎಲ್ಲರ ಮುಂದೆ ಬಿದ್ದದ್ದನ್ನೂ ಎದ್ದದ್ದನ್ನೂ ಹೇಳಿದರು. ಪುರೋಹಿತರ ಡಬ್ಬಿಯ ಕತೆಗೆ ಎಲ್ಲರೂ ನಕ್ಕರು. ಆಮೇಲೆ ಇನ್ನೊಂದು ಸಲ, ಯಾರದೋ ಮನೆಯ ಗೃಹಪ್ರವೇಶದಲ್ಲಿ, ಒಂದು ಚಿಟಿಕೆ ಆಯಿತಂತೆ. ಅವತ್ತೇ ಮನೆಗೆ ಬಂದು ಸೊಸೆಗೆ ಹೇಳಿಬಿಟ್ಟರಂತೆ. ಅಲ್ಲಿಂದ ಮುಂದೆ ಇಲ್ಲ. ಮೂಗು ಕೇಳಿದಾಗ ಅವರು ಈಗ ಅಡುಗೆಮನೆಗೆ ಹೋಗುತ್ತಾರೆ. ಅಲ್ಲಿ ಸೊಸೆ ಇರುತ್ತಾಳೆ, ಇಲ್ಲವೇ ಮೊಮ್ಮಗಳು ಇರುತ್ತಾಳೆ. ಲಾಲ್‌ಬಾಗಿಗೆ ಹೋಗುವುದು ನಿಂತಿತು, ಸ್ಕೂಟರು ಕಾಯುತ್ತಿರುತ್ತದಲ್ಲ. ಹೊರಡುವಾಗ ನನ್ನ ಕೆನ್ನೆ ತಟ್ಟಿ, "ಹುಷಾರಮ್ಮ" ಎಂದು ಹಿಂದೆ ಹತ್ತಿ ಕೂರುತ್ತಾರೆ. ಸೊಸೆ ಅವರ ಸೆರಗನ್ನು ಚಕ್ರಕ್ಕೆ ಸಿಗದಂತೆ ಸಿಕ್ಕಿಸುತ್ತಾಳೆ. ಅದನ್ನು ನೋಡಿ ನನಗೆ ಸಂತೋಷವಾಗುತ್ತದೆ. ಅದು ಸುಳ್ಳಲ್ಲ.

ನಾನೂ ಸಿಗರೇಟು ಮುಟ್ಟಿಲ್ಲ. ಕೈ ಕೇಳುವುದು ಮೊದಲು ಅಪರೂಪವಾಗಿ, ಆಮೇಲೆ ಪೂರ್ತಿ ನಿಂತೇಹೋಯಿತು. ನಿಂತ ಮೇಲೆ ಫೋನು ಮಾಡಲು ಕಾರಣ ಉಳಿಯಲಿಲ್ಲ. ಒಂದು ಸಂಜೆ ಕಾರಣವಿಲ್ಲದೆಯೇ ಮಾಡಿದೆ. ಅಕ್ಕನ ದನಿಯ ಹಿಂದೆ ಮನೆಯ ಗಲಾಟೆ ಕೇಳುತ್ತಿತ್ತು, ಒಗ್ಗರಣೆಯ ಚಟಪಟ ಸದ್ದು, ಮೊಮ್ಮಗಳು ಏನೋ ಓದಿ ಒಪ್ಪಿಸುತ್ತಿದ್ದಳು. ಅಕ್ಕ ಗಾಬರಿಯಾಗಿ, "ಏನೇ, ಕೈ ಕೇಳ್ತಾ ಇದ್ಯಾ?" ಎಂದರು.

"ಇಲ್ಲ ಅಕ್ಕ. ಸುಮ್ನೆ ಮಾಡ್ದೆ."

"ಅಬ್ಬ, ಒಳ್ಳೇದಾಯ್ತು. ಒಲೆ ಮೇಲೆ ಎಣ್ಣೆ ಇದೆ ಕಣೆ, ಆಮೇಲೆ ಮಾಡ್ಲಾ?"

ಮಾಡಿ ಎಂದೆ. ಅವರು ಮರೆತರು. ಮರೆಯುವಷ್ಟು ಅವರ ಸಂಜೆ ತುಂಬಿತ್ತು, ತಪ್ಪೇನೂ ಅಲ್ಲ. ಕೈ ಕೇಳುತ್ತಿದೆ ಎಂದು ಒಂದು ಸುಳ್ಳು ಹೇಳಿದ್ದರೆ ಒಲೆ ಆರಿಸಿ ಕೂತು ಮಾತಾಡುತ್ತಿದ್ದರು. ಅದು ಇಬ್ಬರಿಗೂ ಗೊತ್ತಿರುವ ವಿಷಯ. ಆದರೂ ಹೇಳಲು ಮನಸ್ಸಾಗಲಿಲ್ಲ.

ಈಚೆಗೆ ಒಂದು ಶನಿವಾರ ಅಕ್ಕ ಬಂದಿರಲಿಲ್ಲ, ಮೊಮ್ಮಗಳ ಶಾಲೆಯಲ್ಲಿ ಏನೋ ಕಾರ್ಯಕ್ರಮವಿತ್ತು. ಕೌನ್ಸೆಲರ್ ಒಬ್ಬೊಬ್ಬರನ್ನೇ ಕೇಳುತ್ತಾ ನನ್ನ ಹತ್ತಿರ ಬಂದು, "ನಿಮ್ಗೇನೂ ತೊಂದ್ರೆ ಇಲ್ಲ ಅಲ್ವಾ ಮೇಡಂ?" ಎಂದಳು. ಇಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಅವತ್ತು ಯಾಕೋ, "ಸಿಗರೇಟಿಂದು ಏನೂ ಇಲ್ಲ. ಸಂಜೆ ಹೊತ್ತು ಹೋಗಲ್ಲ. ಮಾತಾಡೋಕೆ ಯಾರೂ ಇಲ್ಲ, ಅದು ಈಗ ಗೊತ್ತಾಗ್ತಾ ಇದೆ" ಎಂದೆ. ಹೇಳಿದ ಮೇಲೆ ನಾಚಿಕೆಯಾಯಿತು. ಇದಕ್ಕೆ ಈ ಆಸ್ಪತ್ರೆಯಲ್ಲಿ ಗುಂಪಿಲ್ಲ ಎಂದು ನನಗೇ ಗೊತ್ತಿತ್ತು.

ಆಚೆ ತುದಿಯಿಂದ ಕ್ಯಾಬ್ ಓಡಿಸುವವನು, ನೆಲ ನೋಡುತ್ತಾ, "ನಂಗೂ ಅಷ್ಟೇ ಅಕ್ಕ" ಎಂದ. "ಮುಂಚೆ ಟ್ರಿಪ್ ಮಧ್ಯೆ ಗಾಡಿ ಸೈಡಿಗೆ ಹಾಕಿ, ನಾಲ್ಕು ಜನ ಡ್ರೈವರ್‌ಗಳು ನಿಂತು ಒಂದು ಧಂ ಹೊಡೀತಿದ್ವಿ. ಈಗ ಅವರ ಹತ್ರ ಹೋದ್ರೆ ಮತ್ತೆ ಸೇದ್ತೀನಿ ಅಂತ ಭಯ. ಎಸಿ ಹಾಕ್ಕೊಂಡು ಕಾರಲ್ಲೇ ಕೂತಿರ್ತೀನಿ."

ಕಿಟಕಿಯ ಹೊರಗೆ ಆಂಬುಲೆನ್ಸೊಂದು ಹಿಂದಕ್ಕೆ ಬರುತ್ತಾ ಪೀಂ ಪೀಂ ಎನ್ನುತ್ತಿತ್ತು. ಕೂಟ ಮುಗಿಯುವ ಹೊತ್ತಾಗಿತ್ತು, ಬೇರೆ ದಿನವಾದರೆ ಎಲ್ಲರೂ ಕುರ್ಚಿ ಸರಿಸಿ ಎದ್ದುಬಿಡುತ್ತಿದ್ದರು. ಅವತ್ತು ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ.